ಒಂದೇ ಪ್ರಶ್ನೆಗೆ ಉತ್ತರಿಸುವ ಸಾಕ್ಷಿ

ಇಂಗ್ಲೆಂಡಿನ ಲೆಸ್ಟರ್ ನಗರದ ಹತ್ತಿರ ನಾರ್ಬರೋ ಎಂಬ ಹಳ್ಳಿಯಿದೆ. 1983ರ ನವೆಂಬರಿನಲ್ಲಿ ಅಲ್ಲಿ 15 ವರ್ಷದ ಹುಡುಗಿಯೊಬ್ಬಳು ಅತ್ಯಾಚಾರಕ್ಕೆ ಒಳಗಾಗಿ ಕೊಲೆಯಾದಳು. 1986ರ ಜುಲೈ ಕೊನೆಯ ದಿನ ಪಕ್ಕದ ಎಂಡರ್ಬಿಯಲ್ಲಿ ಅದೇ ವಯಸ್ಸಿನ ಇನ್ನೊಬ್ಬಳಿಗೂ ಅದೇ ಗತಿಯಾಯಿತು. ಕೆಲವೇ ದಿನಗಳಲ್ಲಿ ಪೊಲೀಸರು 17 ವರ್ಷದ ಹುಡುಗನೊಬ್ಬನನ್ನು ಹಿಡಿದರು. ಅವನು ಹತ್ತಿರದ ಮಾನಸಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ, ಕಲಿಕೆಯಲ್ಲಿ ಹಿಂದುಳಿದಿದ್ದ. ಗಂಟೆಗಟ್ಟಲೆ ನಡೆದ ವಿಚಾರಣೆಯಲ್ಲಿ ಎರಡನೆಯ ಕೊಲೆಯನ್ನು ಒಪ್ಪಿಕೊಂಡ. ಮೊದಲನೆಯದಕ್ಕೂ ತನಗೂ ಸಂಬಂಧವಿಲ್ಲ ಎಂದ.

ಎರಡೂ ಒಬ್ಬನದೇ ಕೆಲಸ ಎಂದು ಪೊಲೀಸರಿಗೆ ಖಾತ್ರಿಯಿತ್ತು. ಅವರ ಕೈಲಿದ್ದ ವೈಜ್ಞಾನಿಕ ಆಧಾರ ಮಾತ್ರ ತೀರ ತೆಳ್ಳಗಿತ್ತು. ಅಪರಾಧಿಯ ರಕ್ತದ ಗುಂಪು ‘ಎ’, ಜೊತೆಗೆ ಒಂದು ನಿರ್ದಿಷ್ಟ ಬಗೆಯ ಕಿಣ್ವ. ಈ ಎರಡೂ ಒಟ್ಟಿಗಿರುವ ಗಂಡಸರು ಆ ಸೀಮೆಯಲ್ಲಿ ನೂರಕ್ಕೆ ಹತ್ತು ಮಂದಿ. ಹಾಗಾಗಿ ಅವರು ಹತ್ತಿರದ ಲೆಸ್ಟರ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಅಲೆಕ್ ಜೆಫ್ರಿಸ್ ಅವರ ಬಾಗಿಲು ತಟ್ಟಿದರು. ಮೊದಲ ಕೊಲೆಯನ್ನೂ ಈ ಹುಡುಗನೇ ಮಾಡಿದ್ದಾನೆಂದು ತೋರಿಸಿಕೊಡಿ ಎಂಬುದು ಅವರ ಕೋರಿಕೆ.

ಜೆಫ್ರಿಸ್ ಪರೀಕ್ಷೆ ಮಾಡಿದರು. ಎರಡೂ ದೇಹಗಳ ಮೇಲಿದ್ದ ವೀರ್ಯ ಒಬ್ಬನೇ ಗಂಡಸಿನದು, ಪೊಲೀಸರ ಊಹೆ ಅಷ್ಟರಮಟ್ಟಿಗೆ ಸರಿ. ಆದರೆ ಆ ಗಂಡಸು ಈ ಹುಡುಗನಲ್ಲ. ಜೆಫ್ರಿಸ್‌ಗೇ ನಂಬಿಕೆ ಬರದೆ ಪರೀಕ್ಷೆಯನ್ನು ಮತ್ತೆ ಮಾಡಿದರು. ಬ್ರಿಟನ್ ಸರ್ಕಾರದ ವಿಧಿವಿಜ್ಞಾನಿಗಳೂ ಪ್ರತ್ಯೇಕವಾಗಿ ಪರಿಶೀಲಿಸಿದರು. ಉತ್ತರ ಬದಲಾಗಲಿಲ್ಲ. 1986ರ ನವೆಂಬರಿನಲ್ಲಿ ಹುಡುಗ ಬಿಡುಗಡೆಯಾದ. ಕೊಲೆ ತನಿಖೆಯೊಂದಕ್ಕೆ ಡಿಎನ್‌ಎ ಕಾಲಿಟ್ಟ ಮೊದಲ ಸಲವೇ ಅದು ತಪ್ಪೊಪ್ಪಿಗೆ ಕೊಟ್ಟವನೊಬ್ಬನ ನಿರ್ದೋಷವನ್ನು ಸಾಬೀತು ಮಾಡಿತು. ಈ ತಂತ್ರಜ್ಞಾನದ ಚರಿತ್ರೆಯನ್ನು ಹೇಳುವಾಗ ನಾವು ಹಿಡಿದ ಕಳ್ಳರನ್ನು ಎಣಿಸುತ್ತೇವೆ. ನನಗೆ ಅದರ ದೊಡ್ಡ ಗುಣ ಕಾಣುವುದು ಈ ಬಿಡುಗಡೆಯಲ್ಲಿ. ಅವನು ಒಪ್ಪಿಕೊಂಡಾಗಿತ್ತು, ಊರು ನಂಬಿಯಾಗಿತ್ತು. ಪರೀಕ್ಷೆ ಇಲ್ಲದಿದ್ದರೆ ಆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮುಂದೆ 1987ರ ಆರಂಭದಲ್ಲಿ ಸುತ್ತಲಿನ ಮೂರು ಹಳ್ಳಿಗಳ ಸುಮಾರು 5,000 ಗಂಡಸರ ರಕ್ತ, ಎಂಜಲಿನ ಮಾದರಿ ಸಂಗ್ರಹಿಸಲಾಯಿತು. ತಿಂಗಳುಗಟ್ಟಲೆ ಪರೀಕ್ಷೆ ನಡೆದರೂ ಯಾರದ್ದೂ ಹೊಂದಲಿಲ್ಲ. ಕೊನೆಗೆ ಸುಳಿವು ಸಿಕ್ಕಿದ್ದು ಪ್ರಯೋಗಾಲಯದ ಹೊರಗೆ. ಬೇಕರಿಯೊಂದರ ನೌಕರ ಪಬ್‌ನಲ್ಲಿ ಕುಳಿತು, ತನ್ನ ಜೊತೆ ಕೆಲಸ ಮಾಡುವ ಕಾಲಿನ್ ಪಿಚ್‌ಫೋರ್ಕ್ ಎಂಬಾತನ ಹೆಸರಿನಲ್ಲಿ ತಾನು ರಕ್ತ ಕೊಟ್ಟು ಬಂದೆ ಎಂದು ಬಾಯಿಬಿಟ್ಟ. ಕೇಳಿಸಿಕೊಂಡ ಮಹಿಳೆಯೊಬ್ಬರು ಪೊಲೀಸರಿಗೆ ತಿಳಿಸಿದರು. 1987ರ ಸೆಪ್ಟೆಂಬರಿನಲ್ಲಿ ಪಿಚ್‌ಫೋರ್ಕ್‌ನ ಬಂಧನವಾಯಿತು, ಅವನ ಡಿಎನ್‌ಎ ಹೊಂದಿತು, 1988ರ ಜನವರಿಯಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅವನನ್ನು ಹುಡುಕಿಕೊಟ್ಟದ್ದು ಒಬ್ಬರ ಕಿವಿ ಮತ್ತು ಮನಸ್ಸಾಕ್ಷಿ. ಅವನೇ ಹೌದೆಂದು ಗಟ್ಟಿ ಮಾಡಿದ್ದು ಡಿಎನ್‌ಎ.

ಜೆಫ್ರಿಸ್ ಹೊರಟಿದ್ದು ಅಪರಾಧಿಗಳನ್ನು ಹಿಡಿಯಲು ಅಲ್ಲವೇ ಅಲ್ಲ. ಸ್ನಾಯುಗಳಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ವಂಶವಾಹಿ ಹೇಗೆ ವಿಕಾಸಗೊಂಡಿತು ಎಂಬುದು ಅವರ ಕುತೂಹಲ. ನೀರಿನಲ್ಲಿ ಬಹಳ ಹೊತ್ತು ಮುಳುಗಿರುವ ಸೀಲ್ ಪ್ರಾಣಿಯಲ್ಲಿ ಈ ಪ್ರೋಟೀನ್ ಯಥೇಚ್ಛವಾಗಿರುವುದರಿಂದ ಅಲ್ಲಿಂದ ಆರಂಭಿಸಿದರು. ಅದರ ಜಾಡು ಹಿಡಿದು ಮನುಷ್ಯನ ಮಯೋಗ್ಲೋಬಿನ್ ವಂಶವಾಹಿಗೆ ಬಂದಾಗ, ಅದರೊಳಗೆ ಒಂದೇ ಅಕ್ಷರಮಾಲೆ ಮತ್ತೆ ಮತ್ತೆ ಬರುವ ಒಂದು ತುಣುಕು ಕಂಡಿತು. ಅಂಥದೇ ತುಣುಕುಗಳು ನಮ್ಮ ಡಿಎನ್‌ಎ ತುಂಬ ಚೆದುರಿರಬಹುದೇ ಎಂದು ನೋಡಲು, ತಮ್ಮ ಪ್ರಯೋಗಾಲಯದ ಸಿಬ್ಬಂದಿಯೊಬ್ಬರ ಮತ್ತು ಅವರ ತಂದೆತಾಯಿಯ ಡಿಎನ್‌ಎಯನ್ನು ಕೆಲವು ಪ್ರಾಣಿಗಳ ಡಿಎನ್‌ಎ ಜೊತೆ ಸಾಲಾಗಿ ಇಟ್ಟು ಪ್ರಯೋಗ ಮಾಡಿದರು. 1984ರ ಸೆಪ್ಟೆಂಬರ್ 10, ಸೋಮವಾರ. ಬೆಳಿಗ್ಗೆ 9 ಗಂಟೆ ದಾಟಿ ಐದು ನಿಮಿಷಕ್ಕೆ ಎಕ್ಸ್‌ರೇ ಫಿಲ್ಮನ್ನು ತೊಳೆದು ನೋಡಿದಾಗ ಗೋಜಲು ಗೋಜಲಾದ ಕಪ್ಪು ಪಟ್ಟೆಗಳು ಕಂಡವು. ಒಬ್ಬೊಬ್ಬರದು ಒಂದೊಂದು ವಿನ್ಯಾಸ. ಮಗಳಲ್ಲಿದ್ದ ಪ್ರತಿ ಪಟ್ಟೆಯೂ ತಾಯಿಯಲ್ಲಿ ಇಲ್ಲವೇ ತಂದೆಯಲ್ಲಿ ಇತ್ತು. ವ್ಯಕ್ತಿಯ ಗುರುತು, ವಂಶದ ಗುರುತು ಎರಡೂ ಒಂದೇ ಫಿಲ್ಮಿನಲ್ಲಿ ಮೂಡಿದ್ದವು.

ಅದರ ಮೊದಲ ಪ್ರಯೋಜನವನ್ನು 1985ರಲ್ಲಿ ಪಡೆದವನು ಘಾನಾದಿಂದ ಲಂಡನ್ನಿಗೆ ಮರಳಿದ್ದ ಒಬ್ಬ ಬಾಲಕ. ಅವನು ಆ ಮನೆಯ ಮಗನೇ ಅಲ್ಲ ಎಂದು ವಲಸೆ ಅಧಿಕಾರಿಗಳು ವಾದಿಸುತ್ತಿದ್ದರು. ತಾಯಿಯ ಮತ್ತು ಒಡಹುಟ್ಟಿದವರ ಪಟ್ಟೆಗಳ ಪಕ್ಕದಲ್ಲಿ ಅವನ ಪಟ್ಟೆಗಳನ್ನಿಟ್ಟು ನೋಡಿ, ಅವನು ಆ ತಾಯಿಯ ಮಗನೇ ಎಂದು ಜೆಫ್ರಿಸ್ ತೋರಿಸಿದರು. ಪ್ರಕರಣ ಅಲ್ಲಿಗೆ ಮುಗಿಯಿತು.

ಇಲ್ಲಿಯವರೆಗೆ ಬಂದ ದಾರಿ ನೂರು ವರ್ಷಕ್ಕೂ ಮಿಕ್ಕಿದ್ದು. ಬ್ರೂನ್ ಪಟ್ಟಣದ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ ಲೆಕ್ಕವಿಟ್ಟ ಗ್ರೆಗರ್ ಮೆಂಡೆಲ್ 1865ರಲ್ಲಿ ತಮ್ಮ ಫಲಿತಾಂಶ ಓದಿದಾಗ ಅದರ ಬೆಲೆ ಯಾರಿಗೂ ತಿಳಿಯಲಿಲ್ಲ. 1900ರಲ್ಲಿ ಮೂವರು ವಿಜ್ಞಾನಿಗಳು ಬೇರೆಬೇರೆಯಾಗಿ ಅದನ್ನು ಮತ್ತೆ ಕಂಡುಕೊಂಡರು. 1869ರಲ್ಲಿ ಜರ್ಮನಿಯ ಟ್ಯೂಬಿಂಗನ್ ಕೋಟೆಯ ಹಳೆಯ ಅಡುಗೆಮನೆಯಲ್ಲಿದ್ದ ಪ್ರಯೋಗಾಲಯದಲ್ಲಿ ಫ್ರೀಡ್ರಿಕ್ ಮೀಷರ್, ಆಸ್ಪತ್ರೆಯ ಬ್ಯಾಂಡೇಜುಗಳಿಗೆ ಮೆತ್ತಿದ್ದ ಕೀವಿನಿಂದ ಜೀವಕೋಶಗಳನ್ನು ತೊಳೆದು ತೆಗೆದು, ಅವುಗಳ ಕೇಂದ್ರದಲ್ಲಿ ಹೊಸದೊಂದು ವಸ್ತುವನ್ನು ಕಂಡರು. ಅದೇ ಡಿಎನ್‌ಎ. ಮೆಂಡೆಲ್ ಹೇಳಿದ ವಂಶದ ಅಂಶಕ್ಕೂ ಮೀಷರ್ ಕಂಡ ವಸ್ತುವಿಗೂ ನಂಟಿದೆ ಎಂದು ಓಸ್ವಾಲ್ಡ್ ಏವರಿ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ ತೋರಿಸಿಕೊಡುವ ಹೊತ್ತಿಗೆ 1944 ಬಂದಿತ್ತು. 1952ರಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಅವರ ಮಾರ್ಗದರ್ಶನದಲ್ಲಿ ರೇಮಂಡ್ ಗಾಸ್ಲಿಂಗ್ ತೆಗೆದ ಎಕ್ಸ್‌ರೇ ಚಿತ್ರ, ಮರುವರ್ಷ ಏಪ್ರಿಲಿನಲ್ಲಿ ವಾಟ್ಸನ್ ಮತ್ತು ಕ್ರಿಕ್ ಪ್ರಕಟಿಸಿದ ಜೋಡಿ ಸುರುಳಿಯ ಮಾದರಿ, ಆ ಲಿಪಿಯನ್ನು ಓದುವ ಬಗೆಗಾಗಿ 1968ರಲ್ಲಿ ನಮ್ಮ ಹರಗೋಬಿಂದ ಖುರಾನಾ ಸೇರಿ ಮೂವರಿಗೆ ಸಂದ ನೊಬೆಲ್, ಇವೆಲ್ಲ ಶಾಲೆಯ ಪುಸ್ತಕಗಳಲ್ಲಿವೆ.

ಪುಸ್ತಕಗಳಲ್ಲಿ ಅಷ್ಟಾಗಿ ಬಾರದ ಸಂಗತಿ ಬೇರೆ. ಅಪರಾಧ ಪತ್ತೆಗೆ ಒದಗಿ ಬಂದದ್ದು ನಮ್ಮ ಡಿಎನ್‌ಎಯಲ್ಲಿ ಕೆಲಸಕ್ಕೆ ಬಾರದ್ದು ಎಂದು ಬಹುಕಾಲ ಬದಿಗಿಟ್ಟಿದ್ದ ಭಾಗ. ನಮ್ಮ ಪ್ರತಿ ಜೀವಕೋಶದ ಲಿಪಿ ಸುಮಾರು 300 ಕೋಟಿ ಅಕ್ಷರಗಳಷ್ಟು ಉದ್ದ, ಅಕ್ಷರಗಳು ಮಾತ್ರ ಎ, ಟಿ, ಜಿ, ಸಿ ಎಂಬ ನಾಲ್ಕೇ. ಪ್ರೋಟೀನ್ ತಯಾರಿಸುವ ಆದೇಶಗಳಿರುವುದು ಅದರಲ್ಲಿ ನೂರಕ್ಕೆ ಎರಡು ಭಾಗಕ್ಕಿಂತ ಕಡಿಮೆ. ಆ ಭಾಗದಲ್ಲಿ ಏರುಪೇರಾದರೆ ದೇಹ ತಡೆಯುವುದಿಲ್ಲ, ಆದ್ದರಿಂದ ಅಲ್ಲಿ ಎಲ್ಲ ಮನುಷ್ಯರೂ ಹೆಚ್ಚುಕಡಿಮೆ ಒಂದೇ. ಉಳಿದ ಕಡೆ ವ್ಯತ್ಯಾಸಗಳು ಸಲೀಸಾಗಿ ಉಳಿದುಕೊಳ್ಳುತ್ತವೆ. ಅಲ್ಲಲ್ಲಿ ನಾಲ್ಕಕ್ಷರದ ಒಂದು ಪದ ಸಾಲಾಗಿ ಮರುಕಳಿಸುತ್ತದೆ. ಭಜನೆಯಲ್ಲಿ ಪಲ್ಲವಿಯನ್ನು ಒಂದು ತಂಡ ಆರು ಸಲ ಹಾಡಿದರೆ ಇನ್ನೊಂದು ಒಂಬತ್ತು ಸಲ ಹಾಡುವಂತೆ, ಒಬ್ಬರಲ್ಲಿ ಅದು ಆರು ಸಲ ಬಂದರೆ ಇನ್ನೊಬ್ಬರಲ್ಲಿ ಒಂಬತ್ತು ಸಲ. 11ನೇ ವರ್ಣತಂತುವಿನಲ್ಲಿ ಟಿಎಚ್01 ಎಂಬ ತಾಣವಿದೆ. ಅಲ್ಲಿ ನನಗೆ ತಾಯಿಯಿಂದ ಆರರ ಪ್ರತಿ, ತಂದೆಯಿಂದ ಒಂಬತ್ತರ ಪ್ರತಿ ಬಂದಿದ್ದರೆ ಆ ತಾಣದಲ್ಲಿ ನನ್ನ ಗುರುತು 6, 9. ಇದೊಂದರಿಂದ ಏನೂ ತೀರ್ಮಾನವಾಗದು, 6, 9 ಇರುವವರು ಲಕ್ಷಾಂತರ ಮಂದಿ. ಆದರೆ ಬೇರೆ ಬೇರೆ ವರ್ಣತಂತುಗಳಲ್ಲಿ ಇಂಥ ಇಪ್ಪತ್ತು ತಾಣಗಳನ್ನು ನೋಡಿ, ಒಂದೊಂದರ ಸಂಭವನೀಯತೆಯನ್ನು ಗುಣಿಸುತ್ತ ಹೋದರೆ, ಇಪ್ಪತ್ತೂ ಹೊಂದುವ ಎರಡನೆಯ ಅಪರಿಚಿತ ಭೂಮಿಯ ಮೇಲೆ ಸಿಗುವುದು ದುಸ್ಸಾಧ್ಯ. ಅಮೆರಿಕದ ಡಿಎನ್‌ಎ ದತ್ತಾಂಶ ಕೋಶ 2017ರಿಂದ ನೋಡುತ್ತಿರುವುದು ಇಷ್ಟೇ ತಾಣಗಳನ್ನು. ತದ್ರೂಪಿ ಅವಳಿಗಳನ್ನು ಮಾತ್ರ ಈ ಲೆಕ್ಕ ಬೇರ್ಪಡಿಸಲಾರದು.

ಜೆಫ್ರಿಸ್ ವಿಧಾನಕ್ಕೆ ಸಾಕಷ್ಟು ರಕ್ತ ಬೇಕಿತ್ತು, ಡಿಎನ್‌ಎ ಮುರಿಯದೆ ಉಳಿದಿರಬೇಕಿತ್ತು. ಈ ತೊಡಕು ಬಿಡಿಸಿದ್ದು 1983ರಲ್ಲಿ ಕ್ಯಾರಿ ಮುಲ್ಲಿಸ್ ರೂಪಿಸಿದ ಪಿಸಿಆರ್. ಕೋವಿಡ್ ಕಾಲದಲ್ಲಿ ಮನೆಮನೆಯ ಮಾತಾದ ಅದೇ ಪಿಸಿಆರ್. ಬೇಕಾದ ತುಣುಕನ್ನು ಒಂದು ಎರಡಾಗಿ, ಎರಡು ನಾಲ್ಕಾಗಿ ನಕಲು ಮಾಡುತ್ತ ಹೋದರೆ ಮೂವತ್ತು ಸುತ್ತಿಗೆ ನೂರು ಕೋಟಿ ದಾಟುತ್ತದೆ. ಇದಕ್ಕೆ ಬೇಕಾದ, ಬಿಸಿಗೆ ಜಗ್ಗದ ಕಿಣ್ವ ಸಿಕ್ಕಿದ್ದು ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ ಅರವತ್ತರ ದಶಕದಲ್ಲಿ ಕಂಡಿದ್ದ ಒಂದು ಬ್ಯಾಕ್ಟೀರಿಯಾದಿಂದ. ಈಗ ಕುಡಿದಿಟ್ಟ ಲೋಟದ ಅಂಚು, ಸೇದಿ ಎಸೆದ ಬೀಡಿಯ ತುದಿ, ಒಂದು ಹಲ್ಲು ಕೂಡ ಸಾಕು. ವರ್ಣತಂತುಗಳ ಡಿಎನ್‌ಎ ಅಳಿದುಹೋದ ಹಳೆಯ ಮೂಳೆಗಳಲ್ಲಿ ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯ ಡಿಎನ್‌ಎ ಉಳಿದಿರುವುದುಂಟು. 1976ರಿಂದ 83ರವರೆಗೆ ಅರ್ಜೆಂಟೀನಾದಲ್ಲಿ ಸೇನಾ ಸರ್ಕಾರ ಬಸುರಿಯರನ್ನು ಬಂಧಿಸಿ, ಹೆರಿಗೆಯಾದ ಮೇಲೆ ಕೊಂದು, ಮಕ್ಕಳನ್ನು ಬೇರೆಯವರಿಗೆ ಹಂಚಿತ್ತು. ಆ ಮಕ್ಕಳ ಅಜ್ಜಿಯಂದಿರು ವಿಜ್ಞಾನಿಗಳನ್ನು ಹುಡುಕಿಕೊಂಡು ಅಮೆರಿಕಕ್ಕೆ ಹೋದರು. ತಳಿವಿಜ್ಞಾನಿ ಮೇರಿ ಕ್ಲೇರ್ ಕಿಂಗ್ 1984ರಿಂದ ಅವರ ಜೊತೆ ನಿಂತರು. ತಂದೆತಾಯಿ ಇಬ್ಬರೂ ಇಲ್ಲದಾಗ ತಾಯಿಯ ತಾಯಿಯಿಂದ ಮೊಮ್ಮಗುವಿಗೆ ಇಳಿದು ಬರುವ ಈ ಎಳೆಯೇ ಆಧಾರವಾಯಿತು. ಇದುವರೆಗೆ 130ಕ್ಕೂ ಹೆಚ್ಚು ಮೊಮ್ಮಕ್ಕಳಿಗೆ ತಮ್ಮ ನಿಜವಾದ ಮನೆ ಯಾವುದೆಂದು ತಿಳಿದಿದೆ.

ಭಾರತದ ಅಧ್ಯಾಯ ಆರಂಭವಾಗುವುದು ಹಾವಿನಿಂದ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಲಾಲ್ಜಿ ಸಿಂಗ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹಾವುಗಳ ವರ್ಣತಂತುಗಳನ್ನು ಅಭ್ಯಾಸ ಮಾಡಿದವರು. ಹಾವಿನಲ್ಲಿ ಗಂಡು ಹೆಣ್ಣು ತೀರ್ಮಾನವಾಗುವ ಬಗೆ ಹೇಗೆ ಎಂಬ ಪ್ರಶ್ನೆಯನ್ನು ಹೊತ್ತು 1974ರಲ್ಲಿ ಎಡಿನ್‌ಬರೋಗೆ ಹೋದರು. ಪಟ್ಟೆ ಕಟ್ಟುಹಾವಿನ ಡಿಎನ್‌ಎಯಲ್ಲಿ ಅವರಿಗೂ ಸಂಗಡಿಗರಿಗೂ ಮರುಕಳಿಸುವ ಒಂದು ಭಾಗ ಸಿಕ್ಕಿತು. ಜಿಎಟಿಎ, ಜಿಎಟಿಎ ಎಂದು ಸಾಗುವ ಆ ಸಾಲು ಮನುಷ್ಯರಲ್ಲಿಯೂ ಇತ್ತು, ಒಬ್ಬೊಬ್ಬರಲ್ಲಿ ಒಂದೊಂದು ಉದ್ದ. 1987ರಲ್ಲಿ ಅವರು ಭಾರತಕ್ಕೆ ಮರಳಿ ಹೈದರಾಬಾದಿನ ಸಿಸಿಎಂಬಿ ಎಂಬ ಸಂಶೋಧನಾ ಕೇಂದ್ರ ಸೇರಿದರು. ಜೆಫ್ರಿಸ್ ವಿಧಾನದ ವಾಣಿಜ್ಯ ಹಕ್ಕು ಆಗ ಬ್ರಿಟನ್ನಿನ ಐಸಿಐ ಕಂಪನಿಯದಾಗಿತ್ತು. ಹಾವಿನ ಡಿಎನ್‌ಎಯನ್ನೇ ಶೋಧಕವಾಗಿ ಬಳಸಿ 1988ರ ಹೊತ್ತಿಗೆ ಲಾಲ್ಜಿ ಸಿಂಗ್ ಸ್ವಂತ ವಿಧಾನ ರೂಪಿಸಿದರು. ದೇಶ ಹೊರಗಿನವರ ಮುಂದೆ ಕೈಚಾಚಬೇಕಾದ ಪ್ರಮೇಯ ತಪ್ಪಿತು. ಉಪಯೋಗವೇನು ಎಂದು ಕೇಳದೆ ಹಾವಿನ ಬೆನ್ನು ಹತ್ತಿದ ಒಬ್ಬ ಮನುಷ್ಯನಿಗೆ ನಮ್ಮ ನ್ಯಾಯಾಲಯಗಳು ಎಷ್ಟು ಋಣಿ ಎಂದು ನೆನೆದಾಗಲೆಲ್ಲ ನನಗೆ ಸೋಜಿಗವಾಗುತ್ತದೆ.

ಮೊದಲ ಪ್ರಕರಣ ಬಂದದ್ದು ಕೇರಳದ ತಲಶ್ಶೇರಿಯಿಂದ. ಮಗುವಿನ ತಂದೆ ತಾನಲ್ಲ ಎಂದ ಗಂಡಸು, ಮಗುವಿನ ಜೀವನಾಂಶಕ್ಕೆ ಅರ್ಜಿ ಹಾಕಿದ ತಾಯಿ. ಲಾಲ್ಜಿ ಸಿಂಗ್ ಅವರ ಪರೀಕ್ಷೆ ತಾಯಿಯ ಮಾತು ನಿಜವೆಂದು ಹೇಳಿತು. ಮ್ಯಾಜಿಸ್ಟ್ರೇಟ್ ಒಪ್ಪಿದರು, ಮುಂದೆ ಕೇರಳ ಹೈಕೋರ್ಟ್ ಎತ್ತಿ ಹಿಡಿಯಿತು. ರಾಜೀವ್ ಗಾಂಧಿ ಹತ್ಯೆಯ ತನಿಖೆಯೂ ಈ ತಂತ್ರವನ್ನು ಬಳಸಿಕೊಂಡಿತು. ಈ ಕೆಲಸಕ್ಕೆಂದೇ ಹೈದರಾಬಾದಿನಲ್ಲಿ ಸಿಡಿಎಫ್‌ಡಿ ಎಂಬ ಪ್ರತ್ಯೇಕ ಕೇಂದ್ರ ಹುಟ್ಟಿಕೊಂಡಿತು. 2017ರ ಡಿಸೆಂಬರಿನಲ್ಲಿ ಲಾಲ್ಜಿ ಸಿಂಗ್ ತೀರಿಕೊಂಡರು.

ಇಷ್ಟೆಲ್ಲ ಬಲವಿರುವ ಪರೀಕ್ಷೆ ಉತ್ತರಿಸುವುದು ಒಂದೇ ಪ್ರಶ್ನೆಗೆ: ಇದು ಯಾರದು? ಅಲ್ಲಿಗೆ ಹೇಗೆ ಬಂತು, ಯಾವಾಗ ಬಂತು, ಯಾರ ಕೈ ದಾಟಿ ಬಂತು ಎಂಬುದನ್ನು ಅದು ಹೇಳುವುದಿಲ್ಲ. ಈ ಗೆರೆಯನ್ನು ಮರೆತಾಗ ಏನಾಗುತ್ತದೆಂದು ಜರ್ಮನಿ ಕಂಡಿದೆ. 2007ರಲ್ಲಿ ಹೈಲ್‌ಬ್ರಾನ್ ನಗರದಲ್ಲಿ ಮಹಿಳಾ ಪೊಲೀಸ್ ಒಬ್ಬರನ್ನು ಗುಂಡಿಟ್ಟು ಕೊಂದರು. ಅವರ ಕಾರಿನಲ್ಲಿ ಸಿಕ್ಕ ಡಿಎನ್‌ಎ, 1993ರ ಒಂದು ಕೊಲೆಯ ಸ್ಥಳದಲ್ಲಿ ಸಿಕ್ಕಿದ್ದ ಅಪರಿಚಿತ ಹೆಂಗಸಿನದಕ್ಕೆ ಹೊಂದಿತು. ನೋಡನೋಡುತ್ತ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ಗಳ ಸುಮಾರು 40 ಅಪರಾಧಗಳಲ್ಲಿ ಅವಳೇ. ಕೊಲೆ, ಕಳ್ಳತನ, ಮಾದಕ ವಸ್ತು, ಎಲ್ಲದರಲ್ಲೂ. ಸುಳಿವು ಕೊಟ್ಟವರಿಗೆ 3 ಲಕ್ಷ ಯೂರೋ ಬಹುಮಾನ ಘೋಷಣೆಯಾಯಿತು. 2009ರಲ್ಲಿ ನಿಜ ಹೊರಬಿತ್ತು. ಅಂಥ ಹಂತಕಿ ಇರಲೇ ಇಲ್ಲ. ಮಾದರಿ ತೆಗೆಯುವ ಹತ್ತಿಕಡ್ಡಿಗಳನ್ನು ತಯಾರಿಸುವಾಗ ಒಬ್ಬ ಕಾರ್ಮಿಕ ಮಹಿಳೆಯ ಡಿಎನ್‌ಎ ಅವುಗಳಿಗೆ ಮೆತ್ತಿಕೊಂಡಿತ್ತು. ಕಡ್ಡಿಗಳನ್ನು ಕ್ರಿಮಿಶುದ್ಧಿ ಮಾಡಿದ್ದರು, ಆದರೆ ಕ್ರಿಮಿ ಸತ್ತರೂ ಡಿಎನ್‌ಎ ಉಳಿಯುತ್ತದೆ. ಪರೀಕ್ಷೆ ಪ್ರತಿ ಸಲವೂ ಸರಿಯಾಗಿಯೇ ಉತ್ತರಿಸಿತ್ತು. ಆ ಪೊಲೀಸ್ ಮಹಿಳೆಯ ಕೊಲೆ ನವನಾಜಿ ಗುಂಪೊಂದರ ಕೃತ್ಯವೆಂದು ಬಯಲಾದದ್ದು 2011ರಲ್ಲಿ. ಎರಡು ವರ್ಷ ತನಿಖೆ ಇಲ್ಲದವಳ ಬೆನ್ನು ಹತ್ತಿ ಓಡಿತ್ತು.

ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಕೊಲೆಯಾದವರೊಬ್ಬರ ಉಗುರಿನಲ್ಲಿ ಸಿಕ್ಕ ಡಿಎನ್‌ಎ ಆಧರಿಸಿ ಮನೆಯಿಲ್ಲದ ಬಡವನೊಬ್ಬನನ್ನು ತಿಂಗಳುಗಟ್ಟಲೆ ಜೈಲಿನಲ್ಲಿಟ್ಟರು. ಆ ರಾತ್ರಿ ಅವನು ಕುಡಿದು ಬಿದ್ದು ಆಸ್ಪತ್ರೆ ಸೇರಿದ್ದ. ಅವನನ್ನು ಆಸ್ಪತ್ರೆಗೆ ಸಾಗಿಸಿದ ಆಂಬುಲೆನ್ಸ್ ಸಿಬ್ಬಂದಿಯೇ ಕೆಲವು ಗಂಟೆಗಳ ನಂತರ ಕೊಲೆ ನಡೆದ ಮನೆಗೂ ಹೋಗಿದ್ದರು. ಅವರ ಮೂಲಕವೇ ಅವನ ಡಿಎನ್‌ಎ ಅಲ್ಲಿಗೆ ಸಾಗಿತ್ತು.

ನಮ್ಮ ಮಂಗಳೂರಿನ ನೋವು ಬೇರೆ ಬಗೆಯದು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಸತ್ತರು. ಬದುಕಿದವರು ಎಂಟು. ದೇಹಗಳು ಸುಟ್ಟು ಕರಕಲಾಗಿದ್ದವು. ಉಂಗುರ, ಬಟ್ಟೆಯ ತುಂಡು, ಮೈಕಟ್ಟು ನೋಡಿ ಮನೆಯವರು ಗುರುತಿಸಿದಂತೆ ಹೆಚ್ಚಿನ ದೇಹಗಳನ್ನು ಒಪ್ಪಿಸಲಾಯಿತು. ಉಳಿದವುಗಳ ಮಾದರಿ ಹೈದರಾಬಾದಿನ ಸಿಡಿಎಫ್‌ಡಿಗೆ ಹೋಯಿತು. ಅಲ್ಲಿದ್ದವರು ಕರ್ನಾಟಕ ಮೂಲದ ಜೆ. ನಾಗರಾಜು. ರೇಷ್ಮೆಹುಳುವಿನ ತಳಿವಿಜ್ಞಾನದಲ್ಲಿ ಹೆಸರು ಮಾಡಿದ್ದ ವಿಜ್ಞಾನಿ, ಅಸಲಿ ಬಾಸ್ಮತಿಯನ್ನು ಕಲಬೆರಕೆಯಿಂದ ಬೇರ್ಪಡಿಸುವ ಡಿಎನ್‌ಎ ಪರೀಕ್ಷೆಯೂ ಅವರ ಕೆಲಸವೇ. ಕೆಲವು ಕುಟುಂಬಗಳಿಗೆ ತಮ್ಮವರು ಸಿಕ್ಕರು. ಆದರೆ 12 ದೇಹಗಳು ಕಾದು ನಿಂತಿದ್ದ ಯಾರ ರಕ್ತಕ್ಕೂ ಹೊಂದಲಿಲ್ಲ. ಪ್ರಯಾಣಿಕರ ಪಟ್ಟಿ ಗೊತ್ತು, ಸತ್ತವರ ಸಂಖ್ಯೆ ಗೊತ್ತು, ಆದರೂ ಹೊಂದದೆ ಉಳಿದರೆ ಅದರ ಅರ್ಥ ಒಂದೇ. ಕಣ್ಣಂದಾಜಿನಲ್ಲಿ ಮೊದಲು ಕೊಟ್ಟ ದೇಹಗಳು ಅದಲುಬದಲಾಗಿದ್ದವು. ದುಃಖದಲ್ಲಿದ್ದ ಮನೆಯವರನ್ನು ಯಾರು ದೂರಲಾದೀತು? ಕೊಟ್ಟ ದೇಹಗಳ ಅಂತ್ಯಕ್ರಿಯೆ ಮುಗಿದಿತ್ತು. ಹನ್ನೆರಡನ್ನೂ ಕೂಳೂರಿನ ಬಳಿ ಒಟ್ಟಿಗೆ ಮಣ್ಣು ಮಾಡಿದರು. ಎಲ್ಲ ದೇಹಗಳ ಪರೀಕ್ಷೆ ಮೊದಲೇ ಆಗಿದ್ದರೆ ಅವರಿಗೂ ಹೆಸರಿರುತ್ತಿತ್ತು. ಪ್ರಶ್ನೆಯನ್ನು ಕೇಳಬೇಕಾದ ಹೊತ್ತಿಗೆ ಕೇಳದೆ ಹೋದರೆ ಇಪ್ಪತ್ತು ತಾಣಗಳ ಲೆಕ್ಕವೂ ಕೈಕಟ್ಟಿ ನಿಲ್ಲುತ್ತದೆ.

ಪೊಲೀಸ್ ಠಾಣೆಗಳಲ್ಲಿ ಕಾಣುವುದು ಇದೇ ಸಮಸ್ಯೆಯ ಇನ್ನೊಂದು ಮುಖ. ದೆಹಲಿಯ ಛಾವ್ಲಾದಲ್ಲಿ 2012ರಲ್ಲಿ ನಡೆದ ಯುವತಿಯ ಅತ್ಯಾಚಾರ, ಕೊಲೆ ಪ್ರಕರಣದಲ್ಲಿ ಕೆಳಗಿನ ಎರಡು ನ್ಯಾಯಾಲಯಗಳು ಮೂವರಿಗೆ ಗಲ್ಲು ವಿಧಿಸಿದ್ದವು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮೂವರನ್ನೂ ಖುಲಾಸೆ ಮಾಡಿತು. ಫೆಬ್ರುವರಿ ಮಧ್ಯದಲ್ಲಿ ತೆಗೆದ ಮಾದರಿಗಳು 27ರವರೆಗೆ ಠಾಣೆಯ ಮುದ್ದೆಮಾಲು ಕೊಠಡಿಯಲ್ಲೇ ಬಿದ್ದಿದ್ದವು, ಅಷ್ಟು ದಿನ ಯಾರ ಕೈಗೂ ಸಿಗಲಿಲ್ಲವೆಂಬ ಖಾತ್ರಿ ಇರಲಿಲ್ಲ. ಆ ಮನೆಯವರ ಸಂಕಟ ಬರೆಯಲು ಆಗದಂಥದ್ದು. ಮಾದರಿಗಳು ಮರುದಿನವೇ ಪ್ರಯೋಗಾಲಯ ಸೇರಿದ್ದರೆ ಅಪರಾಧಿಗಳಾಗಲಿ ನಿರಪರಾಧಿಗಳಾಗಲಿ, ಯಾರೆಂದು ನಿಸ್ಸಂಶಯವಾಗಿ ತಿಳಿಯುತ್ತಿತ್ತು. ತಮಿಳುನಾಡಿನ ಇನ್ನೊಂದು ಗಲ್ಲು ಪ್ರಕರಣದ ತೀರ್ಪಿನಲ್ಲಿ, 2025ರ ಜುಲೈನಲ್ಲಿ, ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ನಿಯಮ ಹಾಕಿತು. ತೆಗೆದ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಬೇಕು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಪುಸ್ತಕವನ್ನು ಪ್ರಕರಣ ಮುಗಿಯುವವರೆಗೆ ಇಡಬೇಕು, ನ್ಯಾಯಾಲಯದ ಅನುಮತಿಯಿಲ್ಲದೆ ಮೊಹರು ಒಡೆಯಬಾರದು.

ಜೋಪಾನವಾಗಿ ಉಳಿದ ಒಂದು ಬಟ್ಟೆ ಏನು ಮಾಡಬಲ್ಲದು ಎಂಬುದನ್ನು ಕರ್ನಾಟಕ ಈಚೆಗೆ ಕಂಡಿದೆ. 2025ರ ಆಗಸ್ಟಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅತ್ಯಾಚಾರ ಪ್ರಕರಣದಲ್ಲಿ ಮಾಜಿ ಸಂಸದರೊಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿದಾಗ, ಮನೆಗೆಲಸದ ಮಹಿಳೆಯ ಸೀರೆಯ ಮೇಲೆ ಸಿಕ್ಕ ಡಿಎನ್‌ಎ ಮುಖ್ಯ ಸಾಕ್ಷ್ಯಗಳಲ್ಲಿ ಒಂದಾಗಿತ್ತು. ಅಪರಾಧಿ ಹೈಕೋರ್ಟ್ ಮೆಟ್ಟಿಲೇರಿದ್ದಾರೆ. ಎದುರಿಗಿರುವವರು ಎಷ್ಟೇ ದೊಡ್ಡವರಾದರೂ ಬಟ್ಟೆ ಮಾತು ಬದಲಿಸುವುದಿಲ್ಲ. ಅದಕ್ಕಾಗಿ ಬಟ್ಟೆಯನ್ನು ಉಳಿಸಿಕೊಳ್ಳುವ ಬಗೆ ಎಲ್ಲರಿಗೂ ತಿಳಿದಿರಬೇಕು. ಒಗೆಯಬಾರದು. ಒದ್ದೆಯಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬಾರದು, ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ನೆರಳಿನಲ್ಲಿ ಒಣಗಿಸಿ, ಒಂದೊಂದು ಬಟ್ಟೆಯನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಬೇಕು. ಬರಿಗೈಯಲ್ಲಿ ಮುಟ್ಟುವವರು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಹಳ್ಳಿಯ ಆಶಾ ಕಾರ್ಯಕರ್ತೆಗೂ ಠಾಣೆಯ ಹೊಸ ಕಾನ್‌ಸ್ಟೆಬಲ್‌ಗೂ ಇಷ್ಟನ್ನು ಕಲಿಸಲು ಕೋಟಿಗಟ್ಟಲೆ ಹಣ ಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು ಎನ್ನುತ್ತದೆ. ಇದಕ್ಕೆ ಸಜ್ಜಾಗಲು ಅದು ರಾಜ್ಯಗಳಿಗೆ ಐದು ವರ್ಷ ಸಮಯ ಕೊಟ್ಟಿತು. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಿಂದ ಬೀದರಿನ ಗಡಿ ಊರಿನವರೆಗಿನ ದೂರವನ್ನು ನೆನೆದರೆ ಈ ಐದು ವರ್ಷ ದೊಡ್ಡ ಅವಧಿಯೇನಲ್ಲ.

ಪ್ರಶ್ನೆಯನ್ನು ಕೇಳಲೇಬಾರದ ಸಂದರ್ಭಗಳೂ ಇವೆ. ಗಂಡ ಹೆಂಡಿರ ಜಗಳದಲ್ಲಿ, ಮಗು ನನ್ನದೋ ಅಲ್ಲವೋ ಪರೀಕ್ಷೆ ಮಾಡಿಸಿ ಎಂದು ಕೋರ್ಟಿಗೆ ಹೋಗುವವರು ಹೆಚ್ಚುತ್ತಿದ್ದಾರೆ. ಇಂಥ ಪರೀಕ್ಷೆಗೆ ಮಾಮೂಲಾಗಿ ಆದೇಶಿಸಕೂಡದು ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿತ್ತು. 2023ರಲ್ಲಿ ಇನ್ನೂ ಮುಂದೆ ಹೋಗಿ, ತನ್ನ ಹುಟ್ಟನ್ನು ಸುಮ್ಮಸುಮ್ಮನೆ ಪ್ರಶ್ನೆಗೆ ಒಡ್ಡದಿರುವ ಹಕ್ಕು ಮಗುವಿಗಿದೆ ಎಂದಿತು. ನನ್ನ ಪೂರ್ಣ ಸಹಮತ ಆ ಮಾತಿಗಿದೆ.

ಸಂಗ್ರಹಿಸಿದ ಡಿಎನ್‌ಎ ಯಾರ ವಶದಲ್ಲಿ, ಎಷ್ಟು ಕಾಲ ಇರಬೇಕೆಂಬ ಪ್ರಶ್ನೆಗೆ ಬ್ರಿಟನ್ನಿಗೂ ಪೆಟ್ಟು ತಿಂದೇ ಉತ್ತರ ಸಿಕ್ಕಿದ್ದು. ಶಿಕ್ಷೆಯಾಗದವರ ವಿವರಗಳನ್ನೂ ಅನಿರ್ದಿಷ್ಟ ಕಾಲ ಇಟ್ಟುಕೊಳ್ಳುತ್ತಿದ್ದ ಅದರ ಪದ್ಧತಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2008ರಲ್ಲಿ ತಪ್ಪೆಂದಿತು, 2012ರ ಕಾಯಿದೆಯ ನಂತರ ಹತ್ತು ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ಅಳಿಸಲಾಯಿತು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ನಮಗೆ ದೊರಕಿಸಿಕೊಟ್ಟ ಅರ್ಜಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. ಅದಾದ ಮೇಲೆ 2019ರಲ್ಲಿ ಮಂಡನೆಯಾದ ಡಿಎನ್‌ಎ ಮಸೂದೆಯನ್ನು ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಈಗ ಇರುವುದು 2022ರ ಗುರುತಿಸುವಿಕೆ ಕಾಯಿದೆ. ಜೈವಿಕ ಮಾದರಿಗಳ ವಿಶ್ಲೇಷಣೆಯ ದಾಖಲೆಯನ್ನು 75 ವರ್ಷ ಇಡಲು ಅದು ಅವಕಾಶ ಕೊಡುತ್ತದೆ. ಖುಲಾಸೆಯಾದವರದ್ದನ್ನು ಅಳಿಸಬೇಕು ಎನ್ನುತ್ತದೆ, ಮ್ಯಾಜಿಸ್ಟ್ರೇಟ್ ಬೇರೆ ಹೇಳದಿದ್ದರೆ. ಬೆರಳಚ್ಚು ಒಬ್ಬರದು ಮಾತ್ರ. ಡಿಎನ್‌ಎ ಹಾಗಲ್ಲ, ಅಣ್ಣನ ಮಾದರಿಯಿಂದ ತಂಗಿಯ, ಇನ್ನೂ ಹುಟ್ಟದ ಮಗನ ಸುಳಿವೂ ಸಿಗುತ್ತದೆ. ಬೆರಳಚ್ಚಿಗೂ ಡಿಎನ್‌ಎಗೂ ಒಂದೇ ಕಾಯಿದೆ ಸಾಲದು. ಪ್ರಯೋಗಾಲಯಗಳ ಗುಣಮಟ್ಟ, ಮಾದರಿ ನಾಶದ ಗಡುವು, ಆರೋಪಿಯ ಕಡೆಯವರಿಗೂ ಮರುಪರೀಕ್ಷೆಯ ಅವಕಾಶ, ಈ ಮೂರನ್ನೂ ಸ್ಪಷ್ಟವಾಗಿ ಬರೆದ ಪ್ರತ್ಯೇಕ ಮಸೂದೆ ಸಂಸತ್ತಿಗೆ ಮತ್ತೆ ಬರಬೇಕು.